ಆರು ಜನರ ಮನೆಯಲ್ಲಿ ತಂದ ಹಣ್ಣು ತರಕಾರಿ ಕೊಳೆಯದ ಹಾಗೆ ತಿಂದು ಮುಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಆರು ಜನ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಭಾನುವಾರ ಎರಡು ಚೀಲ ತರಕಾರಿ ತಂದರೆ ಗುರುವಾರದ ಹೊತ್ತಿಗೆ ಅರ್ಧ ಕಸದ ಗಾಡಿಗೆ ಹೋಗುತ್ತೆ, ಮಕ್ಕಳು ಹಣ್ಣು ಮುಟ್ಟಲ್ಲ, ದೊಡ್ಡ ಫ್ರಿಜ್ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯೂ ಥೇಟ್ ಹೀಗೇ ಇತ್ತು.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ನಾನು, ಹೆಂಡತಿ, ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನನ್ನದು ಫ್ಯಾಕ್ಟರಿ ಕೆಲಸ, ಬೆಳಿಗ್ಗೆ ಏಳೂವರೆಗೆ ಕಂಪನಿ ಬಸ್. ಹೆಂಡತಿ ಟೀಚರ್. ಅಮ್ಮ ಮದ್ದೂರು ಕಡೆಯವರು, ಮುದ್ದೆ ಸೊಪ್ಪು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ ಅನ್ನುವವರು. ತರಕಾರಿ ತರುವ ಕೆಲಸ ನನ್ನದು.

ಒಂದು ಭಾನುವಾರ ಮಾರ್ಕೆಟ್ ಮುಚ್ಚುವ ಹೊತ್ತಿಗೆ ಹೋಗಿದ್ದೆ. ಆ ಹೊತ್ತಿನಲ್ಲಿ ಸೊಪ್ಪಿನವರು ಕೇಳಿದ ರೇಟಿಗೆ ಕೊಟ್ಟುಬಿಡುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ, ಎರಡು ಕಟ್ಟು ಕೊತ್ತಂಬರಿ, ಮೂರು ಕೆಜಿ ಟೊಮ್ಯಾಟೊ, ಎಲ್ಲ ಬಾಚಿಕೊಂಡು ಬಂದೆ. ಎಷ್ಟು ಉಳಿಸಿದೆ ಅಂತ ಮನೆಯಲ್ಲಿ ಜಂಬ ಬೇರೆ ಕೊಚ್ಚಿಕೊಂಡೆ. ಚೀಲ ಹಾಗೇ ಫ್ರಿಜ್ಜಿಗೆ ಹೋಯಿತು. ಬುಧವಾರ ಬೆಳಿಗ್ಗೆ ಕೊತ್ತಂಬರಿಗೆ ಕೈ ಹಾಕಿದರೆ ಕವರಿನಲ್ಲಿ ಸೊಪ್ಪೇ ಇಲ್ಲ, ಹಸಿರು ನೀರು. ಸಿಂಕಿಗೆ ಸುರಿದಾಗ ಬಂದ ವಾಸನೆ ಇವತ್ತಿಗೂ ಮರೆತಿಲ್ಲ. ಅಮ್ಮ ಇಣುಕಿ ನೋಡಿ, "ದುಡ್ ಕೊಟ್ಟು ಗೊಬ್ರ ತಂದಿದ್ದೀಯಲ್ಲೋ ಮಗ" ಅಂದರು.

ಆವತ್ತು ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ತಿನ್ನುವ ಆಸೆ ಯಾರಿಗೂ ಕಡಿಮೆ ಇಲ್ಲ. ಅಡುಗೆ ಮಾಡುವುದಕ್ಕೂ ಬೇಸರ ಇಲ್ಲ, ಪಲ್ಯಕ್ಕೆ ಒಗ್ಗರಣೆ ಹಾಕಿ ಇಳಿಸಲು ಹತ್ತು ನಿಮಿಷ ಸಾಕು. ಕೈಕೊಡುವುದು ನಡುವಿನ ಕೆಲಸ. ಬೆಳಿಗ್ಗೆ ಆರು ಗಂಟೆಗೆ ನಿಂತುಕೊಂಡು ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸಲು ಯಾರಿಗೆ ಪುರುಸೊತ್ತಿದೆ? ಆ ಹೊತ್ತಿನಲ್ಲಿ ಕೈ ತಾನಾಗಿಯೇ ಆಲೂಗಡ್ಡೆ, ಈರುಳ್ಳಿ, ಟೊಮ್ಯಾಟೊ ಕಡೆ ಹೋಗುತ್ತೆ. ಬೀನ್ಸ್ ಕವರಿನಲ್ಲೇ ಬಾಡುತ್ತೆ. ಹಾಗಾಗಿ ನನ್ನ ಉತ್ತರ ಇಷ್ಟೇ: ತಂದ ದಿನವೇ ಎಲ್ಲರೂ ಕೂತು ಬಿಡಿಸಿಡಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತೆ.

ನಮ್ಮಲ್ಲಿ ಈಗ ಹೀಗೆ ನಡೆಯುತ್ತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಎಂ.ಜಿ. ರಸ್ತೆಯ ತರಕಾರಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಬಾಳೆಹಣ್ಣು, ವೀಳ್ಯದೆಲೆ ಬೇಕಾದ ದಿನ ದೇವರಾಜ ಮಾರ್ಕೆಟ್. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಸಾಹಸ, ಅದಕ್ಕೇ ಪ್ರತಿ ವಾರ ಹೋಗುವುದಿಲ್ಲ. ತಿಂಡಿ ಆದ ಮೇಲೆ ಹಾಲ್‌ನಲ್ಲಿ ಹಳೇ ಪೇಪರ್ ಹಾಸುತ್ತೇವೆ. ಅಮ್ಮ ಈಳಿಗೆಮಣೆ ಮೇಲೆ. ಅಪ್ಪನಿಗೆ ಬೀನ್ಸ್, ಎರಡೂ ತುದಿ ಮುರಿದು ನಾರು ಎಳೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಗಳಿಗೆ ಮೆಂತ್ಯ. ಮಗನಿಗೆ ಬಟಾಣಿ, ಅರ್ಧ ಅವನ ಹೊಟ್ಟೆಗೇ ಹೋಗುತ್ತೆ, ಹೋಗಲಿ ಬಿಡಿ, ಅದೂ ತರಕಾರಿ ತಿಂದ ಲೆಕ್ಕವೇ ಅಲ್ವಾ? ಹೆಂಡತಿ ಮತ್ತು ನಾನು ಸೊಪ್ಪಿನ ಬೇರು ಕತ್ತರಿಸಿ, ಹಳದಿ ಎಲೆ, ಹುಲ್ಲು ಆರಿಸುತ್ತೇವೆ. ಮುಕ್ಕಾಲು ಗಂಟೆಗೆಲ್ಲ ಮುಗಿದುಹೋಗುತ್ತೆ. ಒಬ್ಬರೇ ಕೂತರೆ ಅದೇ ಕೆಲಸ ಮಧ್ಯಾಹ್ನದವರೆಗೂ ಎಳೆಯುತ್ತೆ, ಆಮೇಲೆ ಸಿಟ್ಟು ಬೇರೆ.

ದಂಟು ಬಿಡಿಸುವುದನ್ನು ಅಮ್ಮನಿಂದ ಸರಿಯಾಗಿ ಕಲಿತೆ. ದಂಟನ್ನು ಬೆರಳಲ್ಲಿ ಮುರಿದು ನೋಡಬೇಕು. ಲಟಕ್ ಅಂತ ಮುರಿದರೆ ಎಳೆಯದು, ಎಲೆ ಜೊತೆಗೇ ಸಾರಿಗೆ ಹೋಗುತ್ತೆ. ಮುರಿಯದೆ ನಾರು ಜೋತುಬಿದ್ದರೆ ಬಲಿತಿದೆ ಅಂತ. ಆಗ ನಾರನ್ನು ಮೇಲಿಂದ ಕೆಳಗೆ ಎಳೆದು ತೆಗೆದು, ಬೆರಳುದ್ದ ತುಂಡು ಮಾಡಿ ಹುಳಿಗೆ ಹಾಕಿದರೆ ನುಗ್ಗೆಕಾಯಿಯ ಹಾಗೆ ಚೀಪಬಹುದು. ನಾನು ಮೊದಲು ದಂಟನ್ನೆಲ್ಲ ಎಸೆದು ಎಲೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ದಂಟಿನ ಸೊಪ್ಪಿನಲ್ಲಿ ದಂಟನ್ನೇ ಎಸೆಯುವ ಬುದ್ಧಿವಂತ!

ಒಂದು ಮಾತು ನೆನಪಿಡಿ. ಬಿಡಿಸಿದ ಮೇಲೆ ತೊಳೆದು ಇಡಬೇಡಿ. ಒದ್ದೆ ಸೊಪ್ಪೇ ಬೇಗ ಕೊಳೆಯುವುದು. ಒಣಗಿದ್ದ ಹಾಗೇ ಹಳೇ ಹತ್ತಿ ಪಂಚೆ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ನಮ್ಮ ಮನೆಯಲ್ಲಿ ಕೊತ್ತಂಬರಿ ಹೀಗೆ ಒಂದು ವಾರ ಬರುತ್ತೆ. ತೊಳೆಯುವುದು ಒಲೆ ಹಚ್ಚುವಾಗ, ಅದೂ ಹೆಚ್ಚುವ ಮುಂಚೆ. ಹೆಚ್ಚಿದ ಮೇಲೆ ತೊಳೆದರೆ ಸಿ ವಿಟಮಿನ್ ನೀರಿನ ಜೊತೆ ಚರಂಡಿಗೆ ಹೋಗುತ್ತೆ. ತೊಳೆಯುವಾಗ ಅಗಲದ ಪಾತ್ರೆಯಲ್ಲಿ ಸೊಪ್ಪು ಮುಳುಗಿಸಿ, ಅಲ್ಲಾಡಿಸಿ, ಎರಡು ನಿಮಿಷ ಬಿಟ್ಟು ಸೊಪ್ಪನ್ನು ಮೇಲಿಂದ ಎತ್ತಿಕೊಳ್ಳಿ. ನೀರು ಬಗ್ಗಿಸಬೇಡಿ, ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಕೂರುತ್ತೆ. ಮೂರು ಸಲ ಹೀಗೆ. ಬಾಯಲ್ಲಿ ಒಂದು ಸಲ ಮರಳು ಸಿಕ್ಕಿದರೆ ಮಕ್ಕಳು ಆರು ತಿಂಗಳು ಸೊಪ್ಪಿನ ಹತ್ತಿರ ಬರಲ್ಲ.

ಇನ್ನು ಲೆಕ್ಕದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅನ್ನುತ್ತೆ, ಅದರಲ್ಲಿ ಆಲೂಗಡ್ಡೆ ಸೇರಲ್ಲ. ನಿಮ್ಮ ಮನೆಯ ಆರು ಜನಕ್ಕೆ ಗುಣಿಸಿ: ದಿನಕ್ಕೆ 2.4 ಕೆಜಿ, ವಾರಕ್ಕೆ 17 ಕೆಜಿ ಹತ್ತಿರ. ಮಕ್ಕಳದ್ದು ಸ್ವಲ್ಪ ಕಡಿಮೆ ಅಂತಲೇ ಹಿಡಿಯಿರಿ. ಅಷ್ಟನ್ನು ಒಂದೇ ದಿನ ತಂದರೆ ಎಷ್ಟು ದೊಡ್ಡ ಫ್ರಿಜ್ ಇದ್ದರೂ ಸಾಲಲ್ಲ. ಅದಕ್ಕೇ ನಾನು ಬುಧವಾರ ಸಂಜೆ ಬಸ್ ಇಳಿದು ಬರುವಾಗ ತಳ್ಳುಗಾಡಿಯಲ್ಲಿ ಇನ್ನೊಂದು ಸಣ್ಣ ಚೀಲ ತರುತ್ತೇನೆ. ಸೊಪ್ಪು ತಂದ ದಿನ ಮತ್ತು ಮಾರನೇ ದಿನ ಮುಗಿಯಬೇಕು. ಬೆಂಡೆ, ಬದನೆ, ಬೀನ್ಸ್ ಆಮೇಲೆ. ಕೋಸು, ಕ್ಯಾರೆಟ್, ಬೀಟ್‌ರೂಟ್, ಸೀಮೆಬದನೆ ಕೊನೆಗೆ, ಅವು ಕಾಯುತ್ತವೆ. ಮೂಲಂಗಿ ತಂದ ತಕ್ಷಣ ಸೊಪ್ಪು ಕತ್ತರಿಸಿ ಬೇರೆ ಇಡಿ. ಇಲ್ಲದಿದ್ದರೆ ಸೊಪ್ಪು ಗಡ್ಡೆಯ ನೀರನ್ನು ಎಳೆದುಕೊಂಡು ಗಡ್ಡೆ ಬೆಂಡಾಗುತ್ತೆ. ಸೊಪ್ಪಿಗೆ ಕಡಲೆಬೇಳೆ ಹಾಕಿ ಪಲ್ಯ ಮಾಡಿ, ಒಂದು ಕಾಸಿಗೆ ಎರಡು ತರಕಾರಿ.

ಇನ್ನೊಂದು ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದ್ದೆ. ಬಾಳೆಹಣ್ಣು, ಸೇಬು, ಸೊಪ್ಪು, ಸೌತೆಕಾಯಿ ಎಲ್ಲ ಒಂದೇ ಬುಟ್ಟಿಯಲ್ಲಿ. ಮಾಗುವ ಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತೆ, ಅದು ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತೆ, ಸೌತೆಕಾಯಿಯನ್ನೂ ಕೆಡಿಸುತ್ತೆ. ಈಗ ಹಣ್ಣಿಗೆ ಊಟದ ಟೇಬಲ್, ಸೊಪ್ಪಿಗೆ ಫ್ರಿಜ್. ಈರುಳ್ಳಿ ಒಂದು ಮೂಲೆ, ಆಲೂಗಡ್ಡೆ ಇನ್ನೊಂದು ಮೂಲೆ, ಅವೆರಡೂ ಒಟ್ಟಿಗಿದ್ದರೆ ಎರಡೂ ಬೇಗ ಹಾಳು. ಬಾಳೆಹಣ್ಣನ್ನಂತೂ ಫ್ರಿಜ್ಜಿಗೆ ಹಾಕಲೇಬೇಡಿ, ಸಿಪ್ಪೆ ಕಪ್ಪಾಗಿ ಯಾರೂ ಮುಟ್ಟಲ್ಲ.

ಸೊಪ್ಪು ರೆಡಿ ಇದ್ದರೆ ಅಡುಗೆ ತಾನೇ ದಾರಿ ಹಿಡಿಯುತ್ತೆ. ನಮ್ಮ ಮಂಡ್ಯ ಕಡೆಯ ಉಪ್ಸಾರು ಇದೆಯಲ್ಲ, ಕೆಲಸಕ್ಕೆ ಹೋಗುವವರಿಗಾಗಿಯೇ ಯಾರೋ ಕಂಡುಹಿಡಿದ ಹಾಗಿದೆ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಬೇಯಿಸಿ, ಕಟ್ಟನ್ನು, ಅಂದರೆ ಬೆಂದ ನೀರನ್ನು, ಬಸಿದುಕೊಳ್ಳಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಹುರಿದು ರುಬ್ಬಿದ ಖಾರ ಪಕ್ಕದಲ್ಲಿ. ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ತಟ್ಟೆಯಲ್ಲಿ ಬಿಸಿ ಮುದ್ದೆ, ಅದರ ಸುತ್ತ ಕಟ್ಟು, ಬೇಕಾದಷ್ಟು ಖಾರ ಕಲೆಸಿಕೊಳ್ಳುವುದು. ಮಕ್ಕಳಿಗೆ ಖಾರ ಕಡಿಮೆ, ಅಪ್ಪನಿಗೆ ಜಾಸ್ತಿ, ಒಂದೇ ಪಾತ್ರೆಯಿಂದ ಆರು ಜನದ ನಾಲಿಗೆಗೂ ಸರಿಹೋಗುತ್ತೆ. ಸೊಪ್ಪು ಬೇಯಿಸಿದ ನೀರೇ ಸಾರು, ಹಾಗಾಗಿ ಅದರ ಸತ್ವವೂ ತಟ್ಟೆಗೇ ಬರುತ್ತೆ. ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಸಿ ವಿಟಮಿನ್ ಸಹಾಯ ಮಾಡುತ್ತೆ.

ಚಳಿಗಾಲದಲ್ಲಿ ನಮ್ಮ ಹಾಲ್ ಬೇರೇನೇ ಆಗುತ್ತೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆಕಾಯಿ ಬಂತು ಅಂದರೆ ಐದೈದು ಕೆಜಿ ತರುತ್ತೇನೆ. ಸಂಜೆ ಸುಲಿದು, ರಾತ್ರಿ ಕಾಳು ನೀರಿಗೆ ಹಾಕಿ, ಬೆಳಿಗ್ಗೆ ಹಿದಕುವುದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಸಕ್ ಅಂತ ಹಾರುತ್ತೆ. ಒಂದು ಸಲ ನೇರ ಅಪ್ಪನ ಕನ್ನಡಕಕ್ಕೆ ಹೋಗಿ ಅಂಟಿಕೊಂಡಿತ್ತು, ಮಕ್ಕಳು ಅದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಎರಡು ದಿನ ಬೆರಳಿಂದ ಸೊಗಡಿನ ವಾಸನೆ ಹೋಗಲ್ಲ. ಹಿದಕಿದ ಬೇಳೆಯಲ್ಲಿ ಒಂದು ಡಬ್ಬಿ ಫ್ರೀಜರಿಗೆ ಹೋಗುತ್ತೆ, ಸೀಸನ್ ಮುಗಿದ ಮೇಲೆ ಯಾರಾದರೂ ನೆಂಟರು ಬಂದರೆ ಹೊರಗೆ ಬರುತ್ತೆ.

ಮಕ್ಕಳು ಮತ್ತು ಹಣ್ಣಿನ ವಿಷಯಕ್ಕೆ ಬರೋಣ. "ಹಣ್ಣು ತಿನ್ನು, ಒಳ್ಳೇದು" ಅಂತ ಹೇಳುವುದನ್ನು ಮೊದಲು ನಿಲ್ಲಿಸಿ. ನಾನು ಹೇಳಿ ಹೇಳಿ ಸುಸ್ತಾಗಿದ್ದೆ. ಜ್ಯೂಸ್ ಮಿಷನ್ನೂ ತಂದೆ. ಅದನ್ನು ತೊಳೆಯುವ ಗೋಳು ನೋಡಿ ಹೆಂಡತಿ ಮೂರನೇ ವಾರ ಅಟ್ಟಕ್ಕೆ ಹಾಕಿದಳು. ಇಲ್ಲೂ ಅದೇ ಕಥೆ, ನಡುವಿನ ಕೆಲಸ. ಇಡೀ ಪರಂಗಿಹಣ್ಣು ಟೇಬಲ್ ಮೇಲಿದ್ದರೆ ಅದು ಬರೀ ಅಲಂಕಾರ. ಹೆಚ್ಚಿ ತಟ್ಟೆಯಲ್ಲಿಟ್ಟರೆ ಐದು ನಿಮಿಷಕ್ಕೆ ಖಾಲಿ. ನಮ್ಮಲ್ಲಿ ಸಂಜೆ ಸ್ಕೂಲಿಂದ ಬರುವ ಹೊತ್ತಿಗೆ ಅಪ್ಪ ಒಂದು ತಟ್ಟೆ ಹೆಚ್ಚಿ ಟಿವಿ ಮುಂದೆ ಇಟ್ಟುಬಿಡುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಸೀಬೆಕಾಯಿಗೆ ಉಪ್ಪು ಖಾರದ ಪುಡಿ ಉದುರಿಸಿದರೆ ಅವರೇ ಜಗಳ ಆಡಿಕೊಂಡು ತಿನ್ನುತ್ತಾರೆ, ಕಿತ್ತಳೆಗಿಂತ ಸೀಬೆಯಲ್ಲಿ ಸಿ ವಿಟಮಿನ್ ಎಷ್ಟೋ ಪಟ್ಟು ಜಾಸ್ತಿ. ಕೋಸಂಬರಿಯೂ ಹಾಗೇ. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ಕಾಯಿತುರಿ ಹಾಕಿಟ್ಟಿರಿ, ಉಪ್ಪು ಮಾತ್ರ ಬಡಿಸುವಾಗ. ಮೊದಲೇ ಹಾಕಿದರೆ ನೀರು ಬಿಟ್ಟು ಚಪ್ಪೆಯಾಗುತ್ತೆ.

ನಂಜನಗೂಡು ರಸಬಾಳೆ ಎಲ್ಲಾದರೂ ಕಂಡರೆ ಬಿಡಬೇಡಿ. ಪನಾಮ ಸೊರಗು ರೋಗ ಬಂದು ಆ ತೋಟಗಳು ತುಂಬ ಕಡಿಮೆಯಾಗಿವೆ. ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಪಟ್ಟಿಯಲ್ಲೇನೋ ಹೆಸರಿದೆ, ಹಣ್ಣು ಮಾತ್ರ ಯಾವಾಗಲೂ ಸಿಗಲ್ಲ. ಸಿಪ್ಪೆ ತೆಳು, ಬೇಗ ಮಾಗುತ್ತೆ, ಎರಡು ದಿನಕ್ಕಾಗುವಷ್ಟು ಮಾತ್ರ ತನ್ನಿ. ದಿನದ ಖರ್ಚಿಗೆ ಏಲಕ್ಕಿ ಬಾಳೆಯೇ ಸರಿ.

ಮಾವಿನ ಕಾಲದಲ್ಲಿ ನಾನು ಬಲಿತ ರಸಪುರಿ ಕಾಯಿ ತಂದು ಮಂಚದ ಕೆಳಗೆ ಹುಲ್ಲಿನಲ್ಲಿ ಅಡೆ ಹಾಕುತ್ತೇನೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನಲ್ಲಿ ನಿಷೇಧ ಇದೆ, ಆದರೂ ಮನೆಯಲ್ಲೇ ಮಾಗಿಸಿದರೆ ಅನುಮಾನವೇ ಇರಲ್ಲ. ನಾಲ್ಕೈದು ದಿನಕ್ಕೆ ರೂಮೆಲ್ಲ ಘಮ್ ಅನ್ನುತ್ತೆ. ಮಗ ಬೆಳಿಗ್ಗೆ ಎದ್ದವನೇ ಮಂಚದ ಕೆಳಗೆ ತೂರಿ, ಒಂದೊಂದನ್ನೇ ಒತ್ತಿ ನೋಡಿ ಬರುತ್ತಾನೆ. ಹಣ್ಣು ಮುಟ್ಟಲ್ಲ ಅಂತಿದ್ದವನು ಇವನೇ.

ಫ್ರಿಜ್ ಬಗ್ಗೆ ಕೇಳಿದ್ದಿರಿ. ಇರುವುದು ಕೆಟ್ಟಿಲ್ಲ ಅಂದರೆ ಹೊಸದು ಬೇಡ. ದೊಡ್ಡದು ಬಂದರೆ ಕೊಳೆಯುವುದಕ್ಕೆ ಜಾಗ ಜಾಸ್ತಿ ಆಗುತ್ತೆ, ಅಷ್ಟೇ. ಒಂದು ಒಳ್ಳೆ ಈಳಿಗೆಮಣೆ, ಎರಡು ಬಿದಿರಿನ ಬುಟ್ಟಿ, ಅಮ್ಮನ ಹತ್ತಿರ ಕೇಳಿ ಒಂದು ಹಳೇ ಪಂಚೆ ಹೊಂಚಿಕೊಳ್ಳಿ. ಈ ಭಾನುವಾರ ಮೂರೇ ಕಟ್ಟು ಸೊಪ್ಪು ತಂದು ಎಲ್ಲರನ್ನೂ ಕೂರಿಸಿ ನೋಡಿ. ಮಕ್ಕಳಿಗೆ ಬಟಾಣಿ ಕೊಡಿ, ಕಾಲು ಕೆಜಿ ಜಾಸ್ತಿಯೇ ತಂದಿರಿ.