ಕಿಲ್ಕೆನಿಯ ನೋಲನ್ ಪಾರ್ಕ್ ಸ್ಟೇಡಿಯಂ ನೋಡಲು ಅರ್ಧ ದಿನ ಸಾಕಾ? ಒಳಗೆ ಟೂರ್ ಇದೆಯಾ?

ಹಾಕಿ ಆಡಿದ ತಂದೆ ಆಗಸ್ಟ್‌ನಲ್ಲಿ ಡಬ್ಲಿನ್‌ಗೆ ಬರುತ್ತಾರೆ, ಅವರಿಗೆ ಐರ್ಲೆಂಡ್‌ನ ಸ್ಟಿಕ್-ಚೆಂಡಿನ ಆಟ ಹರ್ಲಿಂಗ್‌ನ ಹಳೆಯ ಸ್ಟೇಡಿಯಂ ತೋರಿಸಬೇಕು, ಬೆಳಿಗ್ಗೆ ಕಿಲ್ಕೆನಿ ಕೋಟೆ, ಮಧ್ಯಾಹ್ನ ನೋಲನ್ ಪಾರ್ಕ್ ಟೂರ್, ಸಂಜೆ ವಾಪಸ್ ರೈಲು. ಇದಲ್ವಾ ನಿಮ್ಮ ಪ್ಲಾನ್? ಇದೇ ರೀತಿ ಲೆಕ್ಕ ಹಾಕಿ ನಾನೂ ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಮಾವನವರೂ ಕಾಲೇಜಿನಲ್ಲಿ ಹಾಕಿ ಆಡಿದವರು. ಡಬ್ಲಿನ್‌ಗೆ ಬಂದ ಹೊಸದರಲ್ಲಿ ಟಿವಿಯಲ್ಲಿ ಹರ್ಲಿಂಗ್ ನೋಡಿ, "ಇದೇನ್ರೀ, ಸ್ಟಿಕ್ ತಲೆ ಮೇಲೆ ಎತ್ತುತ್ತಾರೆ, ಯಾರೂ ಫೌಲ್ ಕೊಡೋದಿಲ್ವಾ?" ಎಂದು ಎದ್ದು ನಿಂತುಬಿಟ್ಟಿದ್ದರು. ಅವತ್ತೇ ತೀರ್ಮಾನ ಮಾಡಿದೆ, ಇವರಿಗೆ ಒಂದು ಮ್ಯಾಚ್ ತೋರಿಸಲೇಬೇಕು ಎಂದು.

ಕಿಲ್ಕೆನಿಯನ್ನೇ ಆರಿಸಿದ್ದಕ್ಕೆ ಕಾರಣ ನಿಮಗೂ ಗೊತ್ತಿರುತ್ತದೆ. ಆಲ್-ಐರ್ಲೆಂಡ್ ಹರ್ಲಿಂಗ್ ಕಪ್ಪನ್ನು 36 ಸಲ ಗೆದ್ದ ಕೌಂಟಿ (ನಮ್ಮ ಜಿಲ್ಲೆಯ ಥರ) ಅದು. ಬೇರೆ ಯಾರೂ ಅಷ್ಟು ಗೆದ್ದಿಲ್ಲ. ಐರ್ಲೆಂಡ್‌ನ ಬಹಳಷ್ಟು ಕಡೆ ಅವರದೇ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್ ಹುಚ್ಚು ಜಾಸ್ತಿ. ಕಿಲ್ಕೆನಿಯವರು ಆಲ್-ಐರ್ಲೆಂಡ್ ಸೀನಿಯರ್ ಫುಟ್‌ಬಾಲ್‌ಗೆ ತಂಡವನ್ನೇ ಕಳಿಸುವುದಿಲ್ಲ. ಅವರಿಗೆ ಹರ್ಲಿಂಗ್ ಒಂದೇ ಸಾಕು.

ಇನ್ನು ನಾನು ಮಾಡಿದ ಎಡವಟ್ಟು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಆ ಕಡೆಗೇ ಹೊರಟಿದ್ದೀರಿ ಅನ್ನಿಸುತ್ತದೆ.

ಮೇ ತಿಂಗಳು. ಕಿಲ್ಕೆನಿ ಆಡುವ ಲೆನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ಮೊಬೈಲ್‌ನಲ್ಲಿ ವೇಳಾಪಟ್ಟಿ ತೆಗೆದು 'ಕಿಲ್ಕೆನಿ' ಎಂದು ಹುಡುಕಿದೆ. ಭಾನುವಾರ ಮಧ್ಯಾಹ್ನ, ವೆಕ್ಸ್‌ಫರ್ಡ್ – ಕಿಲ್ಕೆನಿ. ಸರಿ, ಕಿಲ್ಕೆನಿ ಮ್ಯಾಚ್ ಅಂದರೆ ಕಿಲ್ಕೆನಿಯಲ್ಲೇ ತಾನೇ ಎಂದುಕೊಂಡು ರೈಲು ಟಿಕೆಟ್, ಶನಿವಾರ ರಾತ್ರಿಗೆ ರೂಮು ಎರಡನ್ನೂ ಬುಕ್ ಮಾಡಿಬಿಟ್ಟೆ. ರೂಮು ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರದ ಥರದ್ದು, ಇಪ್ಪತ್ತು ಯೂರೋ ಉಳಿಯುತ್ತದೆ ಅಂತ. ಮ್ಯಾಚ್ ಟಿಕೆಟ್ ಮಾತ್ರ ತೆಗೆದುಕೊಳ್ಳಲಿಲ್ಲ. ಗೇಟಿನಲ್ಲಿ ಸಿಗುತ್ತೆ ಬಿಡು ಎಂಬ ಧೈರ್ಯ. ಟಿಕೆಟ್ ಕೊಳ್ಳಲು ಹೋಗಿದ್ದರೆ ಮೈದಾನದ ಹೆಸರು ಅಲ್ಲೇ ಕಣ್ಣಿಗೆ ರಾಚುತ್ತಿತ್ತು.

ಆ ಪಟ್ಟಿಯಲ್ಲಿ ಮೊದಲು ಬರೆದಿರುವ ತಂಡದ ಊರಿನಲ್ಲಿ ಆಟ ನಡೆಯುತ್ತದೆ. ಅಂದರೆ ಅವತ್ತು ಮ್ಯಾಚ್ ಇದ್ದದ್ದು ವೆಕ್ಸ್‌ಫರ್ಡ್‌ನಲ್ಲಿ. ಕೆಳಗೆ ಚಿಕ್ಕ ಅಕ್ಷರದಲ್ಲಿ ಮೈದಾನದ ಹೆಸರೂ ಇತ್ತು. ನಾನು ಓದಲಿಲ್ಲ. ಲೆನ್‌ಸ್ಟರ್‌ನಲ್ಲಿ ಆರು ತಂಡ ಒಂದರ ವಿರುದ್ಧ ಇನ್ನೊಂದು ಆಡುತ್ತವೆ. ಹಾಗಾಗಿ ಒಂದು ತಂಡಕ್ಕೆ ಐದು ಮ್ಯಾಚ್. ಅದರಲ್ಲಿ ಸ್ವಂತ ಊರಿನಲ್ಲಿ ಸಿಗುವುದು ಎರಡೋ ಮೂರೋ. ಅಷ್ಟೇ. ನೋಲನ್ ಪಾರ್ಕ್‌ನಲ್ಲಿ ವಾರವಾರವೂ ದೊಡ್ಡ ಮ್ಯಾಚ್ ಇರುತ್ತದೆ ಎಂಬ ಕಲ್ಪನೆಯೇ ತಪ್ಪು.

ಶನಿವಾರ ರೈಲಿನಲ್ಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ಬೋಗಿಯಲ್ಲಿ ಕಿಲ್ಕೆನಿ ತಂಡದ ಕಪ್ಪು-ಹಳದಿ ಜೆರ್ಸಿ ಹಾಕಿದ ಒಬ್ಬನೇ ಒಬ್ಬ ಇರಲಿಲ್ಲ. ಭಾನುವಾರ ಬೆಳಿಗ್ಗೆ ಕೋಟೆ ನೋಡಿದೆವು, ಊಟ ಮುಗಿಸಿ ಸ್ಟೇಡಿಯಂ ಕಡೆ ನಡೆದೆವು. ರಸ್ತೆ ಖಾಲಿ. ಗೇಟಿಗೆ ಬೀಗ. ಸಂದಿಯಲ್ಲಿ ಇಣುಕಿದರೆ ಹಸಿರು ಹುಲ್ಲು, ಎಚ್ ಆಕಾರದ ಗೋಲು ಕಂಬ, ಅದರ ಹಿಂದೆ ಖಾಲಿ ಕಾಂಕ್ರೀಟ್ ಮೆಟ್ಟಿಲು. ನಾಯಿ ವಾಕಿಂಗ್‌ಗೆ ಕರೆದುಕೊಂಡು ಬಂದಿದ್ದ ಒಬ್ಬರನ್ನು ಕೇಳಿದೆ. "ಎಲ್ಲರೂ ವೆಕ್ಸ್‌ಫರ್ಡ್‌ಗೆ ಹೋಗಿದ್ದಾರಲ್ಲ" ಎಂದರು, ನನಗೆ ಇಷ್ಟೂ ಗೊತ್ತಿಲ್ಲವೇ ಎಂಬ ಆಶ್ಚರ್ಯದಲ್ಲಿ.

ಅಲ್ಲಿಂದ ವೆಕ್ಸ್‌ಫರ್ಡ್‌ಗೆ ಹೋಗಬಹುದಿತ್ತಲ್ಲ ಎನ್ನಬೇಡಿ. ಕಿಲ್ಕೆನಿಯಿಂದ ನೇರ ರೈಲಿಲ್ಲ. ಕಿಲ್ಕೆನಿ ಇರುವುದು ಡಬ್ಲಿನ್‌–ವಾಟರ್‌ಫರ್ಡ್ ಲೈನಿನಲ್ಲಿ, ಹ್ಯೂಸ್ಟನ್ ಸ್ಟೇಷನ್‌ನಿಂದ ಹೊರಡುವ ರೈಲು. ವೆಕ್ಸ್‌ಫರ್ಡ್ ಲೈನು ಡಬ್ಲಿನ್‌ನ ಕೊನೊಲಿ ಸ್ಟೇಷನ್‌ನಿಂದ ಸಮುದ್ರದ ಪಕ್ಕದಲ್ಲಿ ಹೋಗುತ್ತದೆ. ಭಾನುವಾರದ ಬಸ್ಸು ನಂಬಿಕೊಂಡು ಹೊರಟರೆ ಆಟ ಮುಗಿದ ಮೇಲೆ ತಲುಪುತ್ತಿದ್ದೆವು. ಕೊನೆಗೆ ಒಂದು ಪಬ್‌ಗೆ ಹೋಗಿ ಟಿವಿಯಲ್ಲೇ ನೋಡಿದೆವು. ಮಾವನವರು ಕುಡಿಯುವವರಲ್ಲ. ಪಬ್‌ನಲ್ಲಿ ಚಹಾ ಸಿಕ್ಕಿದ್ದೇ ಅವರಿಗೆ ದೊಡ್ಡ ಸಂಗತಿ. ಜನರ ಕೂಗಾಟ ಚೆನ್ನಾಗಿತ್ತು ನಿಜ, ಆದರೆ ಟಿವಿಯಲ್ಲಿ ನೋಡುವುದಕ್ಕೆ ಕಿಲ್ಕೆನಿಗೆ ಯಾಕೆ ಹೋಗಬೇಕಿತ್ತು, ಮನೆಯಲ್ಲೇ ಸೋಫಾ ಇತ್ತಲ್ವಾ. ಅದಾದ ಮೇಲೆ ಅವರ ರಜೆ ಮುಗಿಯಿತು, ಮೈಸೂರಿಗೆ ವಾಪಸ್ ಹೋದರು. ಹರ್ಲಿಂಗ್ ಮ್ಯಾಚನ್ನು ಅವರು ಇವತ್ತಿಗೂ ಎದುರಿಗೆ ಕೂತು ನೋಡಿಲ್ಲ. ರೂಮಿನ ದುಡ್ಡು ಹೋಗಿದ್ದು ನನಗೆ ಲೆಕ್ಕಕ್ಕಿಲ್ಲ, ಇದು ಮಾತ್ರ ಇನ್ನೂ ಚುಚ್ಚುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಖಾಲಿ ನೋಲನ್ ಪಾರ್ಕ್ ನೋಡಲು ಅರ್ಧ ದಿನ ಬೇಡ, ಐದು ನಿಮಿಷ ಸಾಕು. ಅದು ವಾಸ್ತುಶಿಲ್ಪ ನೋಡಲು ಹೋಗುವ ಜಾಗ ಅಲ್ಲ. ಮನೆಗಳ ಮಧ್ಯೆ ಇರುವ ಮೈದಾನ, ಎರಡು ಕಡೆ ಚಾವಣಿ ಇರುವ ಸ್ಟ್ಯಾಂಡ್, ಗೋಲು ಕಂಬಗಳ ಹಿಂದೆ ನಿಂತು ನೋಡುವ ಮೆಟ್ಟಿಲು. ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂನಲ್ಲಿ ಇರುವಂತಹ ಮ್ಯೂಸಿಯಂ ಇಲ್ಲಿಲ್ಲ. ದಿನಾ ಟೂರ್ ಇರುತ್ತದೆ ಎಂದು ನಂಬಿಕೊಂಡು ರೈಲು ಹತ್ತಬೇಡಿ.

ಇತಿಹಾಸ ಇಲ್ಲ ಅಂತಲ್ಲ. ಜೇಮ್ಸ್ ನೋಲನ್ ಎಂಬುವರು 1901ರಿಂದ 1921ರವರೆಗೆ ಹರ್ಲಿಂಗ್ ನಡೆಸುವ ಸಂಸ್ಥೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ನ (ಜಿಎಎ) ಅಧ್ಯಕ್ಷರಾಗಿದ್ದರು. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಇನ್ಯಾರೂ ಕೂತಿಲ್ಲ. 1916ರ ದಂಗೆಯ ನಂತರ ಬ್ರಿಟಿಷರು ಹಿಡಿದು ಒಳಗೆ ಹಾಕಿದವರಲ್ಲಿ ಅವರೂ ಒಬ್ಬರು. ಮೈದಾನಕ್ಕೆ ಅವರದೇ ಹೆಸರು. ಈಗ ಟಿಕೆಟ್ ಮೇಲೆ 'ಯುಪಿಎಂಸಿ ನೋಲನ್ ಪಾರ್ಕ್' ಎಂದಿರುತ್ತದೆ, ಪ್ರಾಯೋಜಕರ ಹೆಸರು ಸೇರಿಸಿದ್ದಾರೆ, ಗಾಬರಿಯಾಗಬೇಡಿ. ಸುಮಾರು 27,000 ಜನ ಹಿಡಿಸುತ್ತಾರೆ. 2022ರ ಜನಗಣತಿಯಲ್ಲಿ ಕಿಲ್ಕೆನಿ ನಗರದ ಜನಸಂಖ್ಯೆಯೂ ಸುಮಾರು ಅಷ್ಟೇ. ಅಂದರೆ ಇಡೀ ಊರನ್ನು ಒಳಗೆ ಕೂರಿಸಬಹುದು! ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2013ರಲ್ಲೂ 2024ರಲ್ಲೂ ಇಲ್ಲಿ ಹಾಡಿದ್ದಾನೆ. ಆದರೆ ಊರಿನ ಹಿರಿಯರನ್ನು 2013ರ ಬಗ್ಗೆ ಕೇಳಿ ನೋಡಿ. ಅವರು ಹಾಡಿನ ಸುದ್ದಿ ಎತ್ತುವುದಿಲ್ಲ. ಆ ಜುಲೈನಲ್ಲಿ ಪಕ್ಕದ ಕೌಂಟಿ ಟಿಪ್ಪರೇರಿಯ ತಂಡ ಇಲ್ಲಿಗೆ ಬಂದಿತ್ತು. ಸೋತವರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯುತ್ತಿತ್ತು. ಗಾಯದಿಂದ ಹೊರಗಿದ್ದ ಕಿಲ್ಕೆನಿಯ ಹೆಸರಾಂತ ಆಟಗಾರ ಹೆನ್ರಿ ಶೆಫ್ಲಿನ್ ಕೊನೆಯ ಹೊತ್ತಿನಲ್ಲಿ ಮೈದಾನಕ್ಕಿಳಿದಾಗ ಜನ ಕೂಗಿದ ಕೂಗನ್ನು ಇವತ್ತಿಗೂ ವರ್ಣಿಸುತ್ತಾರೆ. ಕಿಲ್ಕೆನಿ ಗೆದ್ದಿತು. ಈ ಯಾವುದೂ ಬೀಗ ಹಾಕಿದ ಗೇಟಿನ ಸಂದಿಯಿಂದ ಕಾಣುವುದಿಲ್ಲ ನೋಡಿ.

ಈಗ ಆಗಸ್ಟ್ ವಿಷಯ. ಕೌಂಟಿ ತಂಡಗಳ ಆಟ ಆಗ ಮುಗಿದಿರುತ್ತದೆ. ಆಲ್-ಐರ್ಲೆಂಡ್ ಫೈನಲ್ ಈಗ ಜುಲೈನಲ್ಲೇ ಆಗಿಹೋಗುತ್ತದೆ. ಮೊದಲು ಸೆಪ್ಟೆಂಬರ್‌ನಲ್ಲಿ ಇರುತ್ತಿತ್ತು, ಹಳೆಯ ಲೇಖನ ಓದಿದರೆ ಮೋಸ ಹೋಗುತ್ತೀರಿ. ಆದರೆ ಬೇಜಾರು ಮಾಡಿಕೊಳ್ಳಬೇಡಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕ್ಲಬ್ ಮ್ಯಾಚ್‌ಗಳು. ಕೌಂಟಿ ತಂಡದಲ್ಲಿ ಒಟ್ಟಿಗೆ ಆಡಿದವರು ತಮ್ಮತಮ್ಮ ಹಳ್ಳಿಗೆ ವಾಪಸ್ ಹೋಗಿ ಒಬ್ಬರ ಮೇಲೊಬ್ಬರು ಬೀಳುವ ಕಾಲ ಅದು. ನನ್ನನ್ನು ಕೇಳಿದರೆ ಹೊರಗಿನವರಿಗೆ ಇದೇ ಒಳ್ಳೆಯದು. ಜನ ಕಡಿಮೆ, ಟಿಕೆಟ್ ಅಗ್ಗ, ಬೇಕಾದ ಕಡೆ ಕೂರಬಹುದು.

ನಾನು ಆಮೇಲೆ ಒಬ್ಬನೇ ಹೋಗಿ ನೋಡಿದ್ದು ಇಂಥದ್ದೇ ಒಂದು ಕ್ಲಬ್ ಮ್ಯಾಚ್. ಸೈಡ್‌ಲೈನ್ ಹತ್ತಿರ ಕೂತಿದ್ದೆ. ಇಬ್ಬರು ಒಂದೇ ಚೆಂಡಿಗೆ ಬೀಸಿದಾಗ ಮರಕ್ಕೆ ಮರ ಹೊಡೆದು ಬರುವ ಟಪ್ ಎಂಬ ಶಬ್ದ ಟಿವಿಯಲ್ಲಿ ಬರುವುದೇ ಇಲ್ಲ. ಹಾಗೆ ಬೀಸಿದಾಗ ಒಬ್ಬನ ಹರ್ಲಿ, ಅಂದರೆ ಆಡುವ ಮರದ ಸ್ಟಿಕ್, ಉದ್ದಕ್ಕೆ ಸೀಳಿಹೋಯಿತು. ಅವನು ತುಂಡನ್ನು ಬದಿಗೆ ಎಸೆದು ಕೈಯಲ್ಲೇನೂ ಇಲ್ಲದೆ ಚೆಂಡಿನ ಹಿಂದೆ ಓಡಿದ, ಕಾಲಿನಿಂದ ಒದ್ದ. ಅಷ್ಟರಲ್ಲಿ ಹೊರಗಿನಿಂದ ಒಬ್ಬ ಹೊಸ ಹರ್ಲಿ ಹಿಡಿದು ಅವನ ಪಕ್ಕದಲ್ಲೇ ಓಡುತ್ತಾ ಕೈಗೆ ಕೊಟ್ಟ. ಆಟ ನಿಲ್ಲಲೇ ಇಲ್ಲ. ಆ ತುಂಡು ನನ್ನೆದುರಿಗೇ ಬಿದ್ದಿತ್ತು. ಆಶ್ ಮರದ ಎಳೆಗಳು ಹಿಡಿಯಿಂದ ನೇರವಾಗಿ ಬಂದು ತುದಿಯಲ್ಲಿ ಬಾಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಬೇರು ಶುರುವಾಗುವ ಜಾಗದ ಮರವನ್ನೇ ಆರಿಸಿ ಹರ್ಲಿ ಮಾಡುತ್ತಾರೆ, ಅಲ್ಲಿ ಎಳೆ ತಾನಾಗಿಯೇ ಬಾಗಿರುತ್ತದೆ. ಈಗ ಆಶ್ ಮರಗಳಿಗೆ ರೋಗ ಬಂದು ಹೊರದೇಶದ ಮರ ತರಿಸಬೇಕಾಗಿದೆ. ಬಿದಿರಿನ ಹರ್ಲಿಗಳೂ ಬಂದಿವೆ.

ಗೋಲಿನ ಪಕ್ಕ ಲ್ಯಾಬ್ ಅಟೆಂಡರ್ ಥರ ಬಿಳಿ ಕೋಟು ತೊಟ್ಟವರು ನಿಂತಿರುತ್ತಾರೆ, ಅವರು ಅಂಪೈರ್‌ಗಳು. ಚೆಂಡು ಅಡ್ಡಪಟ್ಟಿಯ ಮೇಲೆ ಹೋದರೆ ಬಿಳಿ ಬಾವುಟ, ಒಂದು ಪಾಯಿಂಟ್. ಕೆಳಗೆ ಬಲೆಗೆ ಹೋದರೆ ಹಸಿರು ಬಾವುಟ, ಗೋಲು, ಅಂದರೆ ಮೂರು ಪಾಯಿಂಟ್. ಸ್ಕೋರ್‌ಬೋರ್ಡ್‌ನಲ್ಲಿ 1-20 ಮತ್ತು 2-16 ಎಂದಿದ್ದರೆ ಮುಂದಿರುವುದು ಮೊದಲನೆಯವರು, 23ಕ್ಕೆ 22. ಇದನ್ನು ತಂದೆಯವರಿಗೆ ರೈಲಿನಲ್ಲೇ ಹೇಳಿಕೊಡಿ. ಜೊತೆಗೆ ಇನ್ನೂ ಒಂದೆರಡು. ನೆಲದ ಮೇಲಿನ ಚೆಂಡನ್ನು ಕೈಯಿಂದ ಎತ್ತುವಂತಿಲ್ಲ, ಹರ್ಲಿಯಿಂದ ಮೇಲೆತ್ತಿ ಹಿಡಿಯಬೇಕು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಜಾಸ್ತಿ ಹೋಗುವಂತಿಲ್ಲ. ಸ್ಟಿಕ್ ಎಷ್ಟು ಮೇಲೆತ್ತಿದರೂ ತಕರಾರಿಲ್ಲ. ಹಳೆಯ ಹಾಕಿ ಆಟಗಾರರು "ಸ್ಟಿಕ್ಸ್!" ಎಂದು ಕೂಗದೆ ಇರಲಾರರು, ಕೂಗಲಿ ಬಿಡಿ.

ಇನ್ನೊಂದು ವಿಷಯ ಅವರಿಗೆ ಖಂಡಿತ ಇಷ್ಟವಾಗುತ್ತದೆ. ಇಲ್ಲಿ ಆಟಗಾರರಿಗೆ ಸಂಬಳವಿಲ್ಲ. ಭಾನುವಾರ ಆಡಿದವನು ಸೋಮವಾರ ಕೆಲಸಕ್ಕೆ ಹೋಗುತ್ತಾನೆ. ಕಿಲ್ಕೆನಿಗೆ 11 ಸಲ ಆಲ್-ಐರ್ಲೆಂಡ್ ಕಪ್ ಗೆಲ್ಲಿಸಿಕೊಟ್ಟ ಹಿಂದಿನ ಮ್ಯಾನೇಜರ್ ಬ್ರಯಾನ್ ಕೋಡಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಮ್ಯಾಚ್ ಮುಗಿದ ಮೇಲೆ ಮಕ್ಕಳು ಪುಟ್ಟ ಹರ್ಲಿ ಹಿಡಿದು ಮೈದಾನದೊಳಗೆ ನುಗ್ಗುತ್ತಾರೆ. ದೊಡ್ಡವರೂ ಹಿಂದೆಯೇ ಇಳಿಯುತ್ತಾರೆ. ನಾನೂ ಇಳಿದೆ, ಯಾರೂ ಏನೂ ಅನ್ನಲಿಲ್ಲ. ಯಾವ ಟೂರ್‌ನಲ್ಲಿ ನಿಮ್ಮನ್ನು ಹುಲ್ಲಿನ ಮೇಲೆ ನಡೆಯಲು ಬಿಡುತ್ತಾರೆ ಹೇಳಿ?

ಹಾಗಾಗಿ ಹೀಗೆ ಮಾಡಿ. ದಿನ ಮೊದಲು ಫಿಕ್ಸ್ ಮಾಡಬೇಡಿ. ಕಿಲ್ಕೆನಿ ಜಿಎಎ ವೆಬ್‌ಸೈಟ್‌ನಲ್ಲಿ ಕ್ಲಬ್ ಮ್ಯಾಚ್‌ಗಳ ಪಟ್ಟಿ ನೋಡಿ. ತಂಡದ ಹೆಸರು ಬಿಡಿ, ಮೈದಾನದ ಹೆಸರು ಓದಿ. ಒಂದು ಮ್ಯಾಚ್ ನೋಲನ್ ಪಾರ್ಕ್‌ನಲ್ಲಿದ್ದರೆ ಇನ್ನೊಂದು ಯಾವುದೋ ಹಳ್ಳಿಯಲ್ಲಿರುತ್ತದೆ, ಅಲ್ಲಿಗೆ ಕಾರಿಲ್ಲದೆ ಹೋಗುವುದು ಕಷ್ಟ. ಸಮಯ ಕೊನೆಯ ವಾರದಲ್ಲಿ ಬದಲಾಗಬಹುದು, ಅದಕ್ಕೇ ರೂಮು ಬುಕ್ ಮಾಡುವ ಅವಸರ ಬೇಡ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ, ಗೇಟಿನಲ್ಲಿ ಕ್ಯಾಶ್ ಕೊಟ್ಟು ಒಳಗೆ ಹೋಗುವ ಕಾಲ ಹೋಯಿತು. ಡಬ್ಲಿನ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಸ್ಟೇಷನ್‌ನಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಭಾನುವಾರ ರೈಲು ಕಡಿಮೆ, ಕೊನೆಯ ರೈಲಿನ ಸಮಯ ನೋಡಿಕೊಂಡಿರಿ. ವಯಸ್ಸಾದವರಿದ್ದಾರೆ, ಚಾವಣಿ ಇರುವ ಸ್ಟ್ಯಾಂಡ್‌ನಲ್ಲೇ ಕೂರಿ. ಆಗಸ್ಟ್ ಅಂದರೆ ಬೇಸಿಗೆ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ.

ಕೋಟೆ ಬೆಳಿಗ್ಗೆ ನೋಡಬಹುದು, ಅದಕ್ಕೆ ನನ್ನ ತಕರಾರಿಲ್ಲ. ಕೋಟೆಯ ಹತ್ತಿರವೇ ಮೂವರು ಹರ್ಲಿಂಗ್ ಆಟಗಾರರು ಚೆಂಡಿಗೆ ಹಾರುತ್ತಿರುವ ಕಲ್ಲಿನ ಶಿಲ್ಪ ಇದೆ, ಫೋಟೋ ಬೇಕಿದ್ದರೆ ಅಲ್ಲಿ ತೆಗೆಸಿಕೊಳ್ಳಿ.

ತಂದೆಯವರು ಇಲ್ಲಿರುವ ವಾರ ನೋಲನ್ ಪಾರ್ಕ್‌ನಲ್ಲಿ ಒಂದೂ ಮ್ಯಾಚ್ ಇಲ್ಲ ಅಂತಾದರೆ ಸ್ಟೇಡಿಯಂ ಸಲುವಾಗಿ ಕಿಲ್ಕೆನಿಗೆ ಹೋಗಲೇಬೇಡಿ. ಡಬ್ಲಿನ್‌ನಲ್ಲೇ ಕ್ರೋಕ್ ಪಾರ್ಕ್ ಟೂರ್ ಮಾಡಿ, ಮ್ಯೂಸಿಯಂ ಚೆನ್ನಾಗಿದೆ. ಆ ವಾರಾಂತ್ಯ ನಿಮ್ಮ ಮನೆ ಹತ್ತಿರದ ಯಾವುದಾದರೂ ಕ್ಲಬ್ ಮೈದಾನಕ್ಕೆ ತಂದೆಯವರನ್ನು ಕರೆದುಕೊಂಡು ಹೋಗಿ. ಡಬ್ಲಿನ್‌ನಲ್ಲೂ ಅದೇ ಸಮಯಕ್ಕೆ ಕ್ಲಬ್ ಹರ್ಲಿಂಗ್ ನಡೆಯುತ್ತಿರುತ್ತದೆ, ಬಸ್ಸಿನಲ್ಲೇ ಹೋಗಿ ಬರಬಹುದು.