ಬೋರ್‌ವೆಲ್ ನೀರಿನ ಮನೆ, ಬಾತ್‌ರೂಮಿಗೆ ಕಡು ಬೂದು ಟೈಲ್ಸ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆಯಲ್ಲಿ ಇರುವುದು ಇಷ್ಟು. ಬೆಂಗಳೂರಿನ ಮನೆ, ಬೆಡ್‌ರೂಮಿಗೆ ಅಂಟಿಕೊಂಡ 20 ವರ್ಷ ಹಳೆಯ ಬಾತ್‌ರೂಮು, 8 ಅಡಿಗೆ 5 ಅಡಿ. ಬರೋದು ಬರೀ ಬೋರ್‌ವೆಲ್ ನೀರು. ಸೋಲಾರ್ ಬಿಸಿನೀರು ಅಲ್ಲಿಗೆ ಮಾತ್ರ ಬರುವುದರಿಂದ ಅತ್ತೆಯವರೂ ಸ್ನಾನಕ್ಕೆ ಅಲ್ಲಿಗೇ ಬರುತ್ತಾರೆ. ಈಗ ಎಲ್ಲ ಒಡೆಸಿ ಕಡು ಬೂದು ಟೈಲ್ಸ್, ಕಪ್ಪು ಮ್ಯಾಟ್ ನಲ್ಲಿಗಳು, ಗಾಜಿನ ಪಾರ್ಟಿಷನ್ ಹಾಕಿಸಿದರೆ ಹೇಗಿರುತ್ತೆ ಅಂತ ಕೇಳಿದ್ದೀರಿ.

ಮೊದಲ ತಿಂಗಳು ತುಂಬಾ ಚೆನ್ನಾಗಿರುತ್ತೆ. ದಿನಾ ಸ್ನಾನ ಆದ ಮೇಲೆ ಬಟ್ಟೆ ಹಿಡಿದು ಒರೆಸುವ ತಾಳ್ಮೆ ಇದ್ದರೆ ಆಮೇಲೂ ಚೆನ್ನಾಗಿರುತ್ತೆ. ನನಗೆ ಆ ತಾಳ್ಮೆ ಇರಲಿಲ್ಲ.

ನಮ್ಮದೂ ಹೆಚ್ಚುಕಡಿಮೆ ನಿಮ್ಮಂಥದೇ ಬಾತ್‌ರೂಮು. ಒಡೆಸುವ ಮುಂಚೆ ಗೋಡೆಯಲ್ಲಿ ನೀಲಿ ಟೈಲ್ಸ್ ಇತ್ತು, ಎದೆಮಟ್ಟಕ್ಕೆ ಸಾಲಾಗಿ ಡಾಲ್ಫಿನ್‌ಗಳು ಹಾರುತ್ತಿದ್ದವು. ಕೆಳಗೆ ಡಾರ್ಕ್, ಮೇಲೆ ಲೈಟ್, ನಡುವೆ ಚಿತ್ರ ಇರುವ ಹೈಲೈಟರ್ ಅಂತ ಅಂಗಡಿಯವರು ಸೆಟ್ ಮಾಡಿ ಮಾರುತ್ತಿದ್ದ ಕಾಲದ್ದು. ಆ ಡಾಲ್ಫಿನ್ ಕಂಡು ಕಂಡು ಸಾಕಾಗಿ ನಾನೂ ನಿಮ್ಮ ಹಾಗೇ ಬೂದು ಮತ್ತು ಕಪ್ಪಿನ ಕನಸು ಕಂಡಿದ್ದೆ. ಕನಸು ಕೆಡಿಸಿದ್ದು ನಮ್ಮ ಮೇಸ್ತ್ರಿ. "ಸಾರ್, ಬಣ್ಣ ನೀವು ಆರಿಸಬೇಡಿ, ನಿಮ್ಮ ನೀರು ಆರಿಸಲಿ" ಅಂದರು.

ಅವರು ಹೇಳಿದ ಹಾಗೆ ಮಾಡಿದೆ. ಅಂಗಡಿಯಿಂದ ನಾಲ್ಕು ಥರದ ಟೈಲ್ಸ್ ಒಂದೊಂದೇ ತಂದೆ: ಕಡು ಬೂದು ಮ್ಯಾಟ್, ಅಚ್ಚ ಬಿಳಿ ಗ್ಲಾಸಿ, ಮರಳು ಬಣ್ಣದ್ದು, ಸಿಮೆಂಟ್ ಬೂದಿನಲ್ಲಿ ಸಣ್ಣ ಚುಕ್ಕೆ ಇರುವುದು. ತಾರಸಿಯಲ್ಲಿ ಸಾಲಾಗಿಟ್ಟು ಬೆಳಿಗ್ಗೆ ಸಂಜೆ ಬೋರ್ ನೀರು ಚಿಮುಕಿಸಿ ಬಿಸಿಲಿಗೆ ಬಿಟ್ಟೆ. ನಾಲ್ಕನೇ ದಿನಕ್ಕೆ ಕಡು ಬೂದು ಟೈಲ್ ಮೇಲೆ ಪ್ರತಿ ಹನಿಯೂ ಬಿಳಿ ಉಂಗುರ ಬಿಟ್ಟಿತ್ತು, ರಂಗೋಲಿ ಹಿಟ್ಟು ಚೆಲ್ಲಿದಂತೆ. ಬಿಳಿಯದರಲ್ಲಿ ಉಪ್ಪು ಕಾಣಲಿಲ್ಲ, ಆದರೆ ಒಂದು ಕೂದಲು ಬಿದ್ದರೂ ಎದ್ದು ಕಾಣುತ್ತಿತ್ತು. ಚುಕ್ಕೆಯ ಸಿಮೆಂಟ್ ಬೂದು ಮಾತ್ರ ತಂದ ದಿನ ಹೇಗಿತ್ತೋ ಹಾಗೇ ಕಂಡಿತು. ಕಲೆ ಅದಕ್ಕೂ ಆಗಿತ್ತು, ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ.

ನೀವೂ ಮೊದಲು ಇದನ್ನೇ ಮಾಡಿ, ಖರ್ಚು ಏನೂ ಇಲ್ಲ. ನಿಮ್ಮ ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕಲೆ ಬಿಳಿ ಬದಲು ಹಳದಿ ಅಥವಾ ಕಂದು ಇರುತ್ತೆ. ಆಗ ಬಿಳಿ ಟೈಲ್ಸ್, ಬಿಳಿ ಗ್ರೌಟ್ (ಟೈಲ್ಸ್ ನಡುವಿನ ಸಂದಿಗೆ ತುಂಬುವ ಪೇಸ್ಟು) ಎರಡನ್ನೂ ಮರೆತುಬಿಡಿ, ಮರಳು ಬಣ್ಣದ ಕಡೆ ಹೋಗಿ. ಜೊತೆಗೆ ನೀರನ್ನು ಲ್ಯಾಬಿಗೆ ಕೊಟ್ಟು ಗಡಸುತನ, ಅಂದರೆ ಕಲೆ ಬಿಡುವ ಸುಣ್ಣದಂಥ ಲವಣ ಎಷ್ಟಿದೆ ಅಂತ ನೋಡಿಸಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600ರ ತನಕ ಒಪ್ಪುತ್ತಾರೆ. ನಮ್ಮದು 540 ಬಂತು. ಸೋಪು ನೊರೆ ಯಾಕೆ ಬರಲ್ಲ ಅಂತ ಆವತ್ತು ಗೊತ್ತಾಯಿತು.

ಕಪ್ಪು ನಲ್ಲಿಗಳ ವಿಷಯಕ್ಕೆ ಬಂದರೆ, ನನ್ನ ತಂಗಿ ಮನೆಯಲ್ಲಿ ಹಾಕಿಸಿದ್ದಾರೆ. ನಲ್ಲಿಯ ಬುಡದಲ್ಲಿ ಬಿಳಿ ಪೊರೆ ಕಟ್ಟಿದೆ. ತೆಗೆಯೋಕೆ ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರು, ಪೊರೆಯ ಜೊತೆ ಕಪ್ಪೂ ಹೋಯಿತು. ಅದಕ್ಕೇ ಕ್ರೋಮ್ ಹಾಕಿಸಿ ಅನ್ನುತ್ತೇನೆ. ಕಲೆ ಇದರಲ್ಲೂ ಆಗುತ್ತೆ, ಆದರೆ ವಾರಕ್ಕೊಮ್ಮೆ ನಿಂಬೆ ಹೋಳು ಉಜ್ಜಿ ಕೂಡಲೇ ತೊಳೆದರೆ ಹೊಳೆಯುತ್ತೆ. ಆಸಿಡ್ ಮಾತ್ರ ಕ್ರೋಮಿಗೂ ಬೇಡ. ಐದು ವರ್ಷದ ಮೇಲೆ ಒಂದು ನಲ್ಲಿ ಕೆಟ್ಟರೆ ಜೋಡಿ ಸಿಗುವುದೂ ಕ್ರೋಮಿನಲ್ಲೇ. ಕಪ್ಪು ಬೇಕೇ ಬೇಕು ಅನ್ನಿಸಿದರೆ ನೀರು ತಾಗದ ಕಡೆ ಹಾಕಿ. ಕನ್ನಡಿಯ ಚೌಕಟ್ಟು, ಟವೆಲ್ ರಾಡ್, ಬಾಗಿಲ ಹಿಂದಿನ ಹುಕ್ಕು. ಅಷ್ಟರಲ್ಲೇ ನಿಮ್ಮ ಮನಸ್ಸಿನಲ್ಲಿರುವ ಲುಕ್ ಬಂದುಬಿಡುತ್ತೆ.

ಇನ್ನು ಫಿನಿಷ್. ಗೋಡೆಗೆ ಗ್ಲಾಸಿ ಅಂದರೆ ಈಗ ಹಳೇ ಫ್ಯಾಷನ್ ಅಂತ ಮೂಗು ಮುರಿಯುತ್ತಾರೆ. ಆದರೆ ಒರೆಸೋಕೆ ಅದರಷ್ಟು ಸುಲಭ ಬೇರೆ ಇಲ್ಲ. ತೀರಾ ಮಿಂಚುವುದು ಬೇಡ ಅಂದರೆ ಸ್ಯಾಟಿನ್ ತಗೊಳ್ಳಿ. ನೆಲಕ್ಕೆ ಮಾತ್ರ ಮ್ಯಾಟ್, ಅದೂ ಜಾರದ ಥರದ್ದು. ಡಬ್ಬದ ಮೇಲೆ ಅಥವಾ ಕ್ಯಾಟಲಾಗಿನಲ್ಲಿ R10, R11 ಅಂತ ಇರುತ್ತೆ, ಸಂಖ್ಯೆ ಜಾಸ್ತಿ ಆದಷ್ಟೂ ಜಾರುವುದು ಕಡಿಮೆ. ಅತ್ತೆಯವರು ಎಣ್ಣೆ ಸ್ನಾನ ಮಾಡುತ್ತಾರಾ? ಹಾಗಾದರೆ ಅಂಗಡಿಯವರ ಮಾತು ಬಿಡಿ. ಸ್ಯಾಂಪಲ್ ಟೈಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಸ್ವಲ್ಪ ಸೋಪು ನೀರು ಹಾಕಿ ಅಂಗೈ ಒತ್ತಿ ತಳ್ಳಿ ನೋಡಿ. ಕೈ ಸರ್ರನೆ ಹೋದರೆ ಆ ಟೈಲ್ ಬೇಡ. ತೀರಾ ಒರಟಾದದ್ದೂ ಬೇಡ, ಕೊಳೆ ಒಳಗೆ ಕೂತುಬಿಡುತ್ತೆ. ಮಾರ್ಬಲ್ ಅಂತೂ ಬೇಡವೇ ಬೇಡ, ನಿಂಬೆರಸ ಬಿದ್ದರೂ ಮಂಕಾಗುತ್ತೆ.

ನೆಲಕ್ಕೆ 1 ಅಡಿಗೆ 1 ಅಡಿ ಅಳತೆ ಸಾಕು. ಈಗ ಎಲ್ಲರೂ 2 ಅಡಿಗೆ 4 ಅಡಿ ಟೈಲ್ ತೋರಿಸುತ್ತಾರೆ. ಗೋಡೆಗೆ ಹಾಕಿಸಿ, ಜಾಯಿಂಟ್ ಕಡಿಮೆ ಆಗುತ್ತೆ. ಆದರೆ ಅಂಥ ದೊಡ್ಡ ಟೈಲ್ ಸಾಮಾನ್ಯವಾಗಿ ವಿಟ್ರಿಫೈಡ್, ಅಂದರೆ ಗಾಜಿನಂತೆ ಗಟ್ಟಿಯಾಗಿ ಸುಟ್ಟದ್ದು. ಅದು ನೀರು ಕುಡಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚಲ್ಲ, ಟೈಲ್ ಅಡ್ಹೆಸಿವ್ ಅನ್ನುವ ಅಂಟು ಹಾಕಲೇಬೇಕು. ನೆಲಕ್ಕೆ ಅಷ್ಟು ದೊಡ್ಡದು ಹಾಕಿದರೆ ಇಳಿಜಾರು ಕೊಡೋಕೆ ಕಷ್ಟ, ಮೂಲೆಯಲ್ಲಿ ನೀರು ನಿಲ್ಲುತ್ತೆ. ಗ್ರೌಟು ನೆಲಕ್ಕೆ ಎಪಾಕ್ಸಿಯೇ (ಸಿಮೆಂಟ್ ಬದಲು ರಾಳದಿಂದ ಮಾಡಿದ್ದು) ಇರಲಿ, ಟೈಲ್ ಬಣ್ಣಕ್ಕಿಂತ ಸ್ವಲ್ಪ ಗಾಢ. ದುಡ್ಡು ಜಾಸ್ತಿ, ಆದರೆ ಸಿಮೆಂಟ್ ಗ್ರೌಟ್ ಆಸಿಡ್ ಬಿದ್ದ ಕಡೆಯೆಲ್ಲ ಕರಗುತ್ತಾ ಹೋಗುತ್ತೆ.

8 ಅಡಿ ಉದ್ದವನ್ನು ಮೂರು ಪಾಲು ಮಾಡಿ. ಬಾಗಿಲ ಹತ್ತಿರ ಎರಡೂವರೆ ಅಡಿ ವಾಶ್‌ಬೇಸಿನ್ನಿಗೆ, ನಡುವೆ ಎರಡೂವರೆ ಅಡಿ ಕಮೋಡಿಗೆ, ಕೊನೆಯ 3 ಅಡಿ ಸ್ನಾನಕ್ಕೆ. ವೆಂಟಿಲೇಟರ್ ಸ್ನಾನದ ಕಡೆಯೇ ಬರುವ ಹಾಗೆ ನೋಡಿ, ಎಕ್ಸಾಸ್ಟ್ ಫ್ಯಾನೂ ಅಲ್ಲೇ. ಬೇಸಿನ್, ಕಮೋಡ್, ಶವರ್ ಮೂರೂ ಒಂದೇ ಗೋಡೆಗೆ ಸಾಲಾಗಿ ಬಂದರೆ ಪೈಪು ಕಡಿಮೆ, ನಡೆಯುವ ದಾರಿ ಒಂದು ಕಡೆ ಸಲೀಸಾಗಿ ಸಿಗುತ್ತೆ. ಕಮೋಡಿನ ಜಾಗ ಬದಲಾಯಿಸುವ ಮುಂಚೆ ಮಾತ್ರ ಈಗಿನ ದಪ್ಪ ಪೈಪು ಎಲ್ಲಿ ಇಳಿದಿದೆ ನೋಡಿ. ಅದನ್ನು ಎಳೆದಾಡಿದರೆ ಇಳಿಜಾರು ಹೋಗುತ್ತೆ, ಆಮೇಲೆ ಬ್ಲಾಕ್ ಆಗುತ್ತಲೇ ಇರುತ್ತೆ.

ಸ್ನಾನದ ಜಾಗದ ನೆಲ ಅರ್ಧ ಇಂಚು ತಗ್ಗಿರಲಿ, ಟ್ರ್ಯಾಪಿನ (ನೀರು ಹೋಗುವ ಜಾಲರಿ ತೂತಿನ) ಕಡೆಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಿಸಿ. ಗ್ರೌಟ್ ತುಂಬುವ ಮುಂಚೆ ಒಂದು ಬಕೆಟ್ ನೀರು ಸುರಿದು ಮೇಸ್ತ್ರಿ ಎದುರಿಗೇ ನಿಂತು ನೋಡಿ. ಗಾಜಿನ ಬಾಗಿಲು ಬೇಡ. ಕೂತು ಚೊಂಬಿನಲ್ಲಿ ನೀರು ಹುಯ್ದುಕೊಳ್ಳುವವರಿಗೆ 3 ಅಡಿ ಗಾಜಿನ ಪೆಟ್ಟಿಗೆಯಲ್ಲಿ ಮೊಣಕೈ ಆಡಲ್ಲ. ಎದ್ದು ಹಿಡಿದುಕೊಳ್ಳೋಕೆ ಅದು ಆಸರೆಯೂ ಅಲ್ಲ. ಎರಡು ಅಡಿ ಅಗಲದ, ಸೊಂಟದಷ್ಟು ಎತ್ತರದ ಗೋಡೆ ಎಬ್ಬಿಸಿ, ಮೇಲೆ ಗ್ರಾನೈಟ್ ಹಾಕಿಸಿ. ನಮ್ಮಮ್ಮ ಶಾಂಪೂ, ಸೀಗೆಕಾಯಿ ಡಬ್ಬಿ ಎಲ್ಲ ಅದರ ಮೇಲೇ ಇಡುತ್ತಾರೆ. ಪಕ್ಕದ ಗೋಡೆಗೆ ಒಂದು ಗಟ್ಟಿ ಸ್ಟೀಲ್ ಹಿಡಿ. ಬಕೆಟ್ ನಲ್ಲಿ ಶವರಿನ ಕೆಳಗೇ ಬೇಡ, ಸ್ವಲ್ಪ ಪಕ್ಕಕ್ಕಿರಲಿ. ಇಲ್ಲದಿದ್ದರೆ ತಣ್ಣೀರು ತಲೆ ಮೇಲೆ ಬೀಳುವ ಭಯದಲ್ಲೇ ನಲ್ಲಿ ತಿರುಗಿಸಬೇಕಾಗುತ್ತೆ. ಸಾಧ್ಯವಾದರೆ ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ತಳ್ಳೋಕೆ ಆಗಲ್ಲ, ಅಲ್ವಾ?

ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 20 ವರ್ಷದ ಮನೆ ಅಂದರೆ ಗೋಡೆಯೊಳಗೆ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಇರಬಹುದು, ಒಳಗೆಲ್ಲ ತುಕ್ಕು. ಒಡೆಸಿ, ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ವಾಟರ್‌ಪ್ರೂಫಿಂಗ್ ಆದ ಮೇಲೆ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ. ಕೆಳಗೆ ಮನೆ ಇದ್ದರೆ ಅವರ ಸೀಲಿಂಗ್ ನೋಡಿಕೊಂಡು ಬನ್ನಿ.

ಲೈಟು 4000 ಕೆಲ್ವಿನ್ ತಗೊಳ್ಳಿ, ಅಂದರೆ ತೀರಾ ಹಳದಿಯೂ ಅಲ್ಲದ ತೀರಾ ಬೆಳ್ಳಗೂ ಅಲ್ಲದ ಬೆಳಕು. ಅಂಗಡಿಯ ಬೆಳ್ಳನೆ ಬೆಳಕಿನಲ್ಲಿ ಬೂದು ಕಂಡದ್ದು ಹಳದಿ ಬಲ್ಬಿನಡಿ ಮಣ್ಣಿನ ಬಣ್ಣ ಆಗುತ್ತೆ. ಸ್ಯಾಂಪಲ್ ಹಿಡಿದು ನಿಮ್ಮ ಬಾತ್‌ರೂಮಿನಲ್ಲೇ ರಾತ್ರಿ ಒಮ್ಮೆ ನೋಡಿ. ಟೈಲ್ಸ್ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಜಾಸ್ತಿ, ಎಲ್ಲ ಡಬ್ಬವೂ ಒಂದೇ ಬ್ಯಾಚ್ ನಂಬರಿನವು ಇರಲಿ. ಉಳಿದದ್ದು ಅಟ್ಟಕ್ಕೆ ಹಾಕಿ.

ಪೈಪು ಹಾಕಿ ಗೋಡೆ ಮುಚ್ಚುವ ಮುಂಚೆ ಪಕ್ಕದಲ್ಲಿ ಟೇಪ್ ಹಿಡಿದು ಫೋಟೊ ತೆಗೆದಿಡಿ. ನಾನು ತೆಗೆದಿರಲಿಲ್ಲ. ಟವೆಲ್ ರಾಡಿಗೆ ಡ್ರಿಲ್ ಹೊಡೆದ ದಿನ ಬಿಸಿನೀರಿನ ಪೈಪಿಗೇ ತೂತು. ಆ ಟೈಲ್ ಹೋಯಿತು, ಉಳಿದ ಟೈಲ್ಸನ್ನು ಅಂಗಡಿಗೆ ವಾಪಸ್ ಕೊಟ್ಟಾಗಿತ್ತು. ಹೊಸ ಬ್ಯಾಚಿನ ಟೈಲ್ ಒಂದು ನೂಲು ಹಳದಿ. ಅದರ ಮೇಲೆ ಈಗ ಸದಾ ಒಂದು ಟವೆಲ್ ನೇತಾಡುತ್ತಿರುತ್ತೆ.