ಚಿಕ್ಕಮಗಳೂರಲ್ಲಿ ಘಮ ಇರೋ ಲಿಲ್ಲಿ ಬೆಳೆಸ್ಬೇಕು, ಮಳೆಗಾಲದಲ್ಲಿ ಗೆಡ್ಡೆ ಕೊಳೆತು ಹೋಗುತ್ತೆ, ಏನ್ ಮಾಡೋದು?

ಮೊದಲು ಓರಿಯೆಂಟಲ್ ಲಿಲ್ಲಿನೇ ಅಂತ ಕೇಳಿ ತಗೊಳ್ಳಿ, ಏಷಿಯಾಟಿಕ್ ಬಣ್ಣ ಚೆನ್ನಾಗಿರುತ್ತೆ ಆದ್ರೆ ಘಮ ಇರಲ್ಲ. ನಮ್ಮ ಮಳೆಗೆ ನೆಲದಲ್ಲಂತೂ ಹಾಕ್ಬೇಡಿ, ನಾನು ಮೊದಲ ವರ್ಷ ಆರು ಗೆಡ್ಡೆ ಹಾಕಿ ಆಗಸ್ಟಲ್ಲಿ ಅಗೆದು ನೋಡಿದ್ರೆ ಬೇಯಿಸಿದ ಬೆಳ್ಳುಳ್ಳಿ ಥರ ಮೆತ್ತಗಾಗಿ ಕೈಗೆ ಅಂಟ್ತಿತ್ತು, ತುಂಬಾ ಬೇಜಾರಾಯ್ತು. ಈಗ 12 ಇಂಚಿನ ಪಾಟು, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮಳೆ ಶುರುವಾದ್ರೆ ಸೂರಿನ ಕೆಳಗೆ. ಗೆಡ್ಡೆ ಮೇಲೆ 10ರಿಂದ 15 ಸೆಂ.ಮೀ. ಮಣ್ಣು ಇರ್ಲೇಬೇಕು, ಯಾಕಂದ್ರೆ ಮಣ್ಣೊಳಗಿನ ಕಾಂಡದಿಂದಲೂ ಬೇರು ಬಿಡುತ್ತೆ. ಬೆಳಗಿನ ಬಿಸಿಲು ಸಾಕು.

ಹೂ ಬಾಡಿದ್ಮೇಲೆ ತುದಿ ಮಾತ್ರ ಕತ್ತರಿಸಿ, ಎಲೆ ತಾನಾಗೇ ಹಳದಿ ಆಗೋವರೆಗೂ ಕಾಂಡ ಮುಟ್ಬೇಡಿ, ಗೆಡ್ಡೆ ಮುಂದಿನ ವರ್ಷಕ್ಕೆ ಶಕ್ತಿ ತುಂಬ್ಕೊಳೋದು ಆಗಲೇ. ನಮ್ಮೂರ ಚಳಿ ಇದಕ್ಕೆ ಸಾಲಲ್ಲ, ಹಾಗಾಗಿ ಗೆಡ್ಡೆ ತೆಗೆದು ಸ್ವಲ್ಪ ತೇವದ ಕೊಕೊಪೀಟಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ 6ರಿಂದ 8 ವಾರ ಫ್ರಿಜ್ಜಲ್ಲಿಡಿ, ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡ್ಬೇಡಿ, ಅವುಗಳ ಗ್ಯಾಸಿಗೆ ಗೆಡ್ಡೆಯೊಳಗಿನ ಮೊಗ್ಗು ಹಾಳಾಗುತ್ತೆ.

ಮನೇಲಿ ಬೆಕ್ಕಿದ್ರೆ ಮಾತ್ರ ದಯವಿಟ್ಟು ಬೇಡ. ಇದರ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗುತ್ತೆ.